ಅಂಕಲ್ ಕೊಂಡ ಹಿಮದ ದೋಣಿ

ಅವರ ಹುಬ್ಬಿನ ಮೇಲೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತಿತ್ತು. ಬೆಳಿಗ್ಗೆ ಮುಖಕ್ಕೆ ಎಣ್ಣೆ ಸವರಿಕೊಂಡು ಹೊರಗೆ ಬಂದ ಸ್ವಲ್ಪ ಹೊತ್ತಿಗೆಲ್ಲ ಎರಡೂ ಹುಬ್ಬುಗಳು ಮೇಣ ಮೆತ್ತಿದ ಹಾಗೆ ಬೆಳ್ಳಗಾಗುತ್ತಿದ್ದವು. ಅವರು ನಕ್ಕರೆ ಆ ಮೇಣದಲ್ಲಿ ಸಣ್ಣ ಬಿರುಕು ಮೂಡುತ್ತಿತ್ತು. ಎಣ್ಣೆಯ ಸೀಸೆಯನ್ನು ಜಾಕೆಟ್ಟಿನೊಳಗೆ, ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು. ಇಲ್ಲದಿದ್ದರೆ ಅದು ಕಲ್ಲಾಗಿಬಿಡುತ್ತಿತ್ತು. ಬಲಗಿವಿಯ ಮೇಲ್ತುದಿಯಲ್ಲಿ ಒಂದು ಚೂರು ಇರಲಿಲ್ಲ.

ಬಲಗಿವಿ ಎಂದು ಬರೆದ ಮೇಲೆ ಅನುಮಾನ ಬಂತು. ಕಾರಿನಲ್ಲಿ ನಾನು ಯಾವಾಗಲೂ ಅವರ ಎಡಕ್ಕೆ ಕೂರುತ್ತಿದ್ದೆ, ನನಗೆ ಕಾಣುತ್ತಿದ್ದದ್ದು ಎಡಗಿವಿ. ಹಾಗಾದರೆ ಎಡಗಿವಿಯೇ ಇರಬೇಕು. ಇಷ್ಟು ಸಣ್ಣದರಲ್ಲೇ ತಪ್ಪುವ ನೆನಪನ್ನು ಮುಂದಿನದಕ್ಕೆ ಎಷ್ಟು ನಂಬುವುದೋ ಗೊತ್ತಿಲ್ಲ. ಆದರೂ ಅವರ ಬಗ್ಗೆ ಬರೆಯಲು ನನ್ನ ಬಳಿ ಇರುವುದು ಇದೊಂದೇ.

ಎಲ್ಲರಿಗೂ ಅವರು ಅಂಕಲ್. ಓದಲೆಂದು ತುಮಕೂರಿನಿಂದ ಮೆಲ್ಬರ್ನಿಗೆ ಬಂದಿದ್ದ ನಾನು, ಓದು ಮುಗಿದು ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕ ಮೇಲೆ, ಬಾಕ್ಸ್ ಹಿಲ್‌ನಲ್ಲಿ ಅವರ ಮನೆಯ ಹಿಂದಿನ ಕೋಣೆಯಲ್ಲಿ ರೆಂಟಿಗಿದ್ದೆ. ಸ್ಪೆನ್ಸರ್ ಸ್ಟ್ರೀಟ್ ಸ್ಟೇಷನ್ನಿಗೆ ಹೊಸ ಹೆಸರು ಬಂದು, ಹಳೆಯ ಹೆಸರು ಇನ್ನೂ ನಮ್ಮ ಬಾಯಿಂದ ಹೋಗಿರದ ಕಾಲ ಅದು. ಆಂಟಿ ಬಾಕ್ಸ್ ಹಿಲ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಇಬ್ಬರೂ ಉಡುಪಿ ಕಡೆಯವರು. ತಮ್ಮೊಳಗೆ ತುಳು, ನನ್ನೊಡನೆ ಕನ್ನಡ. ಸಿಡ್ನಿಯಲ್ಲಿದ್ದ ಮಗಳಿಗೆ ಅವರು ಫೋನಿನಲ್ಲಿ ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಅಂಕಲ್ ಮೊದಲು ಸಿಡ್ನಿಯ ಹೋಟೆಲೊಂದರ ಅಕೌಂಟ್ಸ್ ವಿಭಾಗದಲ್ಲಿದ್ದರಂತೆ. ಒಮ್ಮೆ ಆಫೀಸಿನವರು ಹಿಮ ನೋಡಲು ಕರೆದುಕೊಂಡು ಹೋದರು. ಎಲ್ಲರೂ ಹಿಮದ ಉಂಡೆ ಮಾಡಿ ಎಸೆದಾಡುತ್ತಿದ್ದಾಗ ಇವರು ಒಂದು ಕಡೆ ನಿಂತೇ ಇದ್ದರು. "ಕಡಲಿನ ನೊರೆ ಉಂಟಲ್ಲ, ಅದು ದಡಕ್ಕೆ ಬಂದು ವಾಪಸ್ ಹೋಗದೆ ಅಲ್ಲೇ ನಿಂತುಬಿಟ್ಟ ಹಾಗೆ ಕಂಡಿತು" ಎಂದು ನನಗೆ ಹೇಳಿದ್ದರು. ಕೆಲವು ವರ್ಷಗಳಲ್ಲೇ ಆ ಕೆಲಸ ಬಿಟ್ಟು, ಮೆಲ್ಬರ್ನಿನಿಂದ ಈಶಾನ್ಯಕ್ಕೆ ಅರ್ಧ ದಿನದ ದಾರಿಯಲ್ಲಿರುವ ಒಂದು ಬೆಟ್ಟದ ಮೇಲೆ, ಸ್ಕೀ ಆಡುವವರ ಸಣ್ಣ ಲಾಡ್ಜೊಂದನ್ನು ನೋಡಿಕೊಳ್ಳುವ ಕೆಲಸ ಹಿಡಿದರು. ಚಳಿಗಾಲವಿಡೀ ಅವರು ಬೆಟ್ಟದ ಮೇಲೆ, ಆಂಟಿ ಬಾಕ್ಸ್ ಹಿಲ್‌ನಲ್ಲಿ.

ಆ ಲಾಡ್ಜಿನವರೆಗೆ ಕಾರು ಹೋಗುವುದಿಲ್ಲ. ಕೆಳಗೆ ಕಾರು ನಿಲ್ಲಿಸಿ, ಅಲ್ಲಿಂದ ಮೇಲಕ್ಕೆ ಅತಿಥಿಗಳು, ಅವರ ಪೆಟ್ಟಿಗೆಗಳು, ಹಾಲು, ಅಕ್ಕಿ ಎಲ್ಲವನ್ನೂ ಹಿಮದ ಮೇಲೆ ಓಡುವ ಗಾಡಿಯಲ್ಲಿ, ಸ್ನೋಮೊಬೈಲಿನಲ್ಲಿ, ಅಂಕಲ್ಲೇ ಸಾಗಿಸಬೇಕು. ಮುಂದೆ ಎರಡು ಸ್ಕೀ, ಹಿಂದೆ ಟ್ಯಾಂಕಿನ ಹಾಗೆ ಸುತ್ತುವ ಅಗಲದ ಪಟ್ಟಿ, ಮೇಲೆ ಬೈಕಿನಂಥ ಸೀಟು. ಅವರು ಅದನ್ನು ದೋಣಿ ಎನ್ನುತ್ತಿದ್ದರು. ಅವರ ಹಳೆಯ ದೋಣಿ ಒಂದು ಮಂಜಿನ ಮಧ್ಯಾಹ್ನ ನಡುದಾರಿಯಲ್ಲಿ ನಿಂತುಬಿಟ್ಟಿತು. ಯಾರೋ ಬಂದು ಕಂಡುಹಿಡಿಯುವಷ್ಟರಲ್ಲಿ ಕಿವಿಯ ಆ ಚೂರು ಮರಗಟ್ಟಿ ಸತ್ತುಹೋಗಿತ್ತು.

ಅದಾದ ಮೇಲೆ ಆಂಟಿ ಒಂದು ಷರತ್ತು ಹಾಕಿದರು. ಅಡುಗೆಮನೆಯಲ್ಲಿ, ನನ್ನ ಎದುರೇ.

"ಹೊಸತು ತಗೊಳ್ಳಿ. ಈ ಒಂದು ಚಳಿಗಾಲ ನೋಡ್ತೇನೆ. ಇದೂ ದಾರಿಯಲ್ಲಿ ಕೈಕೊಟ್ಟರೆ ನೀವು ಬೆಟ್ಟ ಇಳಿದು ಬರ್ಬೇಕು. ಸಿಡ್ನಿಗೆ ಹೋಗುವಾ, ಮಗಳ ಹತ್ತಿರ."

"ಒಂದು ಸಲ ಕೈಕೊಟ್ಟರೂ?"

"ಕಿವಿ ಹೋದದ್ದು ಎಷ್ಟು ಸಲ ನಿಂತದ್ದಕ್ಕೆ?"

ಅಂಕಲ್ ಕಿವಿ ಮುಟ್ಟಿಕೊಂಡರು. ಅವರಿಗೆ ಬೆಟ್ಟ ಬಿಟ್ಟು ಬೇರೆ ಬದುಕು ಇಲ್ಲವೆಂದು ಆ ಕ್ಷಣ ನನಗೆ ಅನ್ನಿಸಿತು. ಅಥವಾ ಈಗ ಬರೆಯುವಾಗ ಅನ್ನಿಸುತ್ತಿದೆಯೋ.

ಬೆಟ್ಟಕ್ಕೆ ಬೆಟ್ಟದ ಗಾಡಿಯೇ ಸರಿ ಎಂದು, ಎತ್ತರದ ಪರ್ವತಗಳ ಆಳ ಹಿಮಕ್ಕೆಂದೇ ಮಾಡಿದ ಹೊಚ್ಚಹೊಸ ಸ್ನೋಮೊಬೈಲನ್ನು ಅವರು ಕೊಂಡರು. ಅದು ಬಂದ ದಿನ ಪೂಜೆಗೆಂದು ಆಂಟಿ, ನಾನು ಇಬ್ಬರೂ ಹೋಗಿದ್ದೆವು. ಸುತ್ತಲೂ ಬಿಳಿ, ಮೇಲೆ ಬಿಳಿ. ಎಲ್ಲಿ ನೆಲ ಮುಗಿದು ಎಲ್ಲಿ ಆಕಾಶ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಅದರ ನಡುವೆ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಕಪ್ಪು ಗಾಡಿ, ತೇಲುತ್ತಿರುವ ಹಾಗೆ. ಆಂಟಿ ಚೀಲದಿಂದ ನಿಂಬೆಹಣ್ಣು ತೆಗೆದರು.

"ಅಂಕಲ್, ಇದಕ್ಕೆ ಚಕ್ರವೇ ಇಲ್ವಲ್ಲ, ಎಲ್ಲಿ ಇಡೋದು?" ಎಂದೆ.

"ಹೌದಲ್ಲ ಮಾರಾಯ್ತಿ! ಎದುರು ಎರಡು ಪಾದ ಉಂಟಲ್ಲ, ಅದರ ಅಡಿಗೆ ಇಡುವಾ."

ಗಾಡಿ ಮುಂದೆ ಸರಿಯಿತು. ಒಡೆದ ಶಬ್ದ ಬರಲಿಲ್ಲ. ನಿಂಬೆಹಣ್ಣು ಮೆಲ್ಲನೆ ಹಿಮದೊಳಕ್ಕೆ ಇಳಿದುಹೋಯಿತು. ಅದು ಹೋದ ದಾರಿಯಲ್ಲಿ ಸ್ವಲ್ಪ ಹೊತ್ತು ಹಳದಿ ಕಂಡು, ಆಮೇಲೆ ಅದೂ ಇಲ್ಲ.

"ಒಡೀಲಿಲ್ಲ," ಎಂದರು ಆಂಟಿ.

"ಒಳಗೆ ಒಡೆದಿರ್ತದೆ. ಹಿಮದಲ್ಲಿ ಶಬ್ದ ಕೇಳ್ತದಾ?"

"ನನಗೆ ಕೇಳ್ಬೇಕಿತ್ತು."

ಆ ಗಾಡಿಯನ್ನು ಅಂಕಲ್ ನೋಡಿಕೊಂಡ ಹಾಗೆ ಯಾರೂ ಮಕ್ಕಳನ್ನೂ ನೋಡಿಕೊಳ್ಳಲಾರರು. ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕು ಸೀಟಿನ ಮೇಲೆ ಹಾಗೇ ಇತ್ತು. ಕೂತರೆ ಜಾರುತ್ತಿತ್ತು, ಆದರೂ ತೆಗೆಯಲಿಲ್ಲ. ದಿನಾ ಬೆಳಿಗ್ಗೆ ದೊಡ್ಡ ಯಂತ್ರವೊಂದು ಬಂದು ಹಿಮವನ್ನು ಗಟ್ಟಿಯಾಗಿ, ನಯವಾಗಿ ಒತ್ತಿ ದಾರಿ ಮಾಡುತ್ತಿತ್ತು. ಅಂಕಲ್ ಆ ನಯವಾದ ದಾರಿಯ ನಟ್ಟನಡುವೆ ಮಾತ್ರ ಓಡಿಸುತ್ತಿದ್ದರು. ಲಾಡ್ಜ್ ಮುಟ್ಟಿದ ಮೇಲೆ ಊರಿಂದ ತಂದ ಹಿಡಿಸೂಡಿ ಹಿಡಿದು, ಮಂಡಿಯೂರಿ, ಗಾಡಿಯ ಹೊಟ್ಟೆಗೆ ಅಂಟಿದ ಹಿಮವನ್ನೆಲ್ಲ ಗುಡಿಸಿ ತೆಗೆಯುತ್ತಿದ್ದರು. ಪಕ್ಕದ ಲಾಡ್ಜಿನ ಒಡತಿ, ಅರವತ್ತು ದಾಟಿದ ಆಸ್ಟ್ರೇಲಿಯನ್ ಹೆಂಗಸು, ಇಂಥದೇ ಗಾಡಿ ಇಟ್ಟುಕೊಂಡಿದ್ದಳು. ಅವಳು ದಾರಿ ಬಿಟ್ಟು ಅಂಚಿನ ಸಡಿಲ ಹಿಮದಲ್ಲಿ ನುಗ್ಗಿಸಿಕೊಂಡು, ಮೈಯೆಲ್ಲ ಹಿಮ ಮೆತ್ತಿಸಿಕೊಂಡು ಬರುತ್ತಿದ್ದಳು. "ಪಾಪ ಆ ಗಾಡಿ. ಕನಿಕರವೇ ಇಲ್ಲ ಅವಳಿಗೆ" ಎಂದು ಅಂಕಲ್ ನೊಂದುಕೊಳ್ಳುತ್ತಿದ್ದರು.

ಒಂದು ಶನಿವಾರ ನಾನು ಒಬ್ಬಳೇ ಹೋಗಿದ್ದಾಗ ಅವರ ಹಿಂದೆ ಕೂತಿದ್ದೆ. ಅರ್ಧ ಏರಿದಾಗ ಎದುರಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. ಗಾಡಿ ನರಳಿತು, ನಿಧಾನವಾಯಿತು. ಅಂಕಲ್ ಕೈಗವಸಿನ ಹೆಬ್ಬೆರಳಿನಿಂದ ಆ ದೀಪವನ್ನು ಮುಚ್ಚಿದರು, ಅಳುವ ಮಗುವಿನ ಬಾಯಿ ಮುಚ್ಚುವ ಹಾಗೆ. ಆಮೇಲೆ ಎಂಜಿನ್ ಆರಿಸಿ ಕಾದರು. ಅದರ ಮೈಯಿಂದ ಹಬೆ ಏಳುತ್ತಿತ್ತು.

"ಕೆಟ್ಟೋಯ್ತಾ ಅಂಕಲ್?"

"ಎಂತ ಕೆಡುದು? ಬಿಸಿ ಆಗ್ತದೆ, ಸ್ವಲ್ಪ ವಿಶ್ರಾಂತಿ ಕೊಟ್ಟರೆ ಹೊರಡ್ತದೆ. ಮೊದಲೂ ಹೀಗೇ ಆಗಿತ್ತು." ನನ್ನ ಕಡೆ ತಿರುಗದೆಯೇ, "ಆಂಟಿಗೆ ಹೇಳ್ಬೇಡ ಆಯ್ತಾ" ಎಂದರು.

ಹುಬ್ಬಿನ ಎಣ್ಣೆಯಲ್ಲಿ ಆ ದಿನ ಬಿರುಕು ಮೂಡಲಿಲ್ಲ.

ಕೆಳಗಿನ ಊರಿನ ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿದ. ಯಾವ ದೋಷವೂ ಇಲ್ಲವೆಂದ. "ಡಾಕ್ಟ್ರ ಎದುರು ಕೆಮ್ಮು ನಿಲ್ತದಲ್ಲ, ಹಾಗೆ ಮಾಡ್ತದೆ ಇದು" ಎಂದರು ಅಂಕಲ್. ಬೆಟ್ಟದ ಮೇಲೆ ಅಂಥ ಗಾಡಿ ಇದ್ದವರನ್ನೆಲ್ಲ ಹುಡುಕಿ, ಹವಾಮಾನದ ಮಾತಿನಿಂದ ಶುರು ಮಾಡಿ, ಕೊನೆಗೆ ಏನೂ ಅಲ್ಲವೆಂಬಂತೆ ಕೇಳುತ್ತಿದ್ದರು: ನಿಮ್ಮದು ಹೇಗಿದೆ, ತೊಂದರೆ ಕೊಡುತ್ತದೆಯೇ? ಎಲ್ಲರದೂ ಒಂದೇ ಉತ್ತರ. ಇಷ್ಟು ನಂಬಿಕಸ್ಥ ಗಾಡಿ ನೋಡಿಯೇ ಇಲ್ಲ. ಪಕ್ಕದ ಲಾಡ್ಜಿನವಳಂತೂ ತನ್ನದರ ಬೆನ್ನು ತಟ್ಟಿ, "ಒಂದು ದಿನವೂ ಮುನಿಸಿಕೊಂಡಿಲ್ಲ, ಮೇಟ್" ಎಂದಿದ್ದಳು. ಅದನ್ನು ನನಗೆ ಹೇಳುವಾಗ ಅಂಕಲ್ ಮುಖದಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ದಿಗಿಲಿತ್ತು. ಎಲ್ಲರ ಬಳಿ ಸುಮ್ಮನಿರುವ ಗಾಡಿ ತನ್ನ ಬಳಿ ಮಾತ್ರ ಏಕೆ ಹೀಗೆ?

ಚಳಿಗಾಲದ ಕೊನೆಗೆ ಸಿಡ್ನಿಯಿಂದ ಮಗಳು ಬಂದಳು. ಆಂಟಿ ಅವಳನ್ನೂ ನನ್ನನ್ನೂ ಕರೆದುಕೊಂಡು ಬೆಟ್ಟಕ್ಕೆ ಹೊರಟರು. "ನನ್ನ ಕಣ್ಣಲ್ಲೇ ನೋಡಿದ ಮೇಲೆ ಹೇಳ್ತೇನೆ" ಎಂದಷ್ಟೇ ಅಂದಿದ್ದರು. ಹಿಂದಿನ ದಿನ ದೊಡ್ಡ ಹಿಮಪಾತವಾಗಿ ಬೆಟ್ಟದ ಅಂಚುಗಳೆಲ್ಲ ತುಂಬಿಕೊಂಡಿದ್ದವು. ದಾರಿಯನ್ನು ಮಾತ್ರ ಆಗಲೇ ಒತ್ತಿ ಗಟ್ಟಿ ಮಾಡಿದ್ದರು. ಒಬ್ಬರಿಗೆಂದು ಮಾಡಿದ ಸೀಟಿನಲ್ಲಿ ಆಂಟಿ ಅಂಕಲ್‌ಗೆ ಅಂಟಿಕೊಂಡು ಕೂತರು. ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ ಪೆಟ್ಟಿಗೆಗಳ ನಡುವೆ ಮಗಳು ಮತ್ತು ನಾನು.

"ಇಟ್ಸ್ ಅ ಟಾಯ್, ಡ್ಯಾಡ್!" ಎಂದು ಮಗಳು ಕೂಗಿದಳು.

"ಆಟಿಕೆಯಾದ್ರೆ ನೀನು ನಡ್ಕೊಂಡು ಬಾ," ಎಂದರು ಅಂಕಲ್. ಆದರೆ ದನಿ ಗಟ್ಟಿಯಿರಲಿಲ್ಲ.

ಅರ್ಧ ಏರಿದೆವು. ಎಂಜಿನ್ನಿನ ದನಿ ಬದಲಾದದ್ದು ನನಗೆ ಕೇಳಿಸಿತು. ಅಂಕಲ್ ಅವರ ಬಲಗೈ ಹಿಡಿಕೆಯ ಮೇಲಿತ್ತು. ಎಡಗೈ ಫಲಕದ ಮೇಲೆ ಹೋಗಿ ಅಲ್ಲೇ ಕೂತಿತು. ಅಷ್ಟರಲ್ಲಿ ತಿರುವಿನಲ್ಲಿ ದಾರಿ ಒತ್ತುವ ದೊಡ್ಡ ಯಂತ್ರ ದಾರಿಯ ಅಗಲಕ್ಕೂ ಹರಡಿಕೊಂಡು ಇಳಿದು ಬಂತು. ಅಂಕಲ್ ಅಂಚಿಗೆ ತಿರುಗಿಸಲೇಬೇಕಾಯಿತು. "ದೇವರೇ!" ಎಂದದ್ದು ಕೇಳಿತು. ಮರುಕ್ಷಣ ನಾವು ಆಳವಾದ ಹೊಸ ಹಿಮದಲ್ಲಿದ್ದೆವು.

ಮುಂದಿನದನ್ನು ನಾನು ಕನಸಿನಿಂದ ಬೇರೆ ಮಾಡಲಾರೆ. ಗಾಡಿ ಮುಳುಗಲಿಲ್ಲ, ಎದ್ದಿತು. ಅಲೆ ಬಂದಾಗ ದೋಣಿ ಮೂತಿ ಎತ್ತುವ ಹಾಗೆ. ಹಿಮ ಎರಡೂ ಕಡೆಯಿಂದ ಹಾರಿ ನಮ್ಮ ಮೇಲೆ ಸುರಿಯಿತು. ಎಂಜಿನ್ನಿನ ನರಳಾಟ ನಿಂತು ಅದು ಹಾಡುವಂತೆ ಓಡಿತು. ಮುಂದೆ ಯಾರೋ ನಗುತ್ತಿದ್ದರು. ಅದು ಆಂಟಿ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು, ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಸ್ನೋ ಗಮ್ ಮರಗಳ ತಿರುಚಿದ ಕಾಂಡಗಳು ಪಕ್ಕದಲ್ಲಿ ಹಾದುಹೋದವು, ತೊಯ್ದ ತೊಗಟೆಯಲ್ಲಿ ರೇಷ್ಮೆ ಸೀರೆಯ ಅಂಚಿನಂಥ ಕೆಂಪು, ಹಸಿರು, ಹಳದಿ ಗೆರೆಗಳು.

ಆದರೆ ಅದಕ್ಕೂ ಮೊದಲು, ದಾರಿಯಿಂದ ಹಿಮಕ್ಕೆ ಇಳಿದ ಆ ಕ್ಷಣದಲ್ಲಿ, ಒಂದು ಮೌನವಿತ್ತು. ಎಂಜಿನ್ ಆರಿಹೋಗಿತ್ತು, ಮರಗಳಿಂದ ಹಿಮ ಉದುರುವ ಸದ್ದು ಕೇಳುತ್ತಿತ್ತು. ಅಂಕಲ್ ಬಗ್ಗಿ ಮತ್ತೆ ಚಾಲೂ ಮಾಡಿದರು. ನನಗೆ ಹಾಗೆ ನೆನಪು. ನನ್ನ ಆ ವಾರದ ಡೈರಿಯಲ್ಲಿ ಇರುವುದು ಮರಗಳ ಬಣ್ಣ ಮಾತ್ರ.

ಲಾಡ್ಜ್ ಮುಟ್ಟಿದಾಗ ಪಕ್ಕದವಳು ಹಿಮ ಮೆತ್ತಿದ ನಮ್ಮನ್ನು ನೋಡಿ ಚಪ್ಪಾಳೆ ತಟ್ಟಿದಳು. ಅಂಕಲ್ ರೂಢಿಯಂತೆ ಹಿಡಿಸೂಡಿ ತಂದು ಮಂಡಿಯೂರಿದರು. ಅವಳು ಅವರ ಕೈ ಹಿಡಿದಳು. ಅದರ ಹೊಟ್ಟೆಯಲ್ಲಿ ಎಂಜಿನ್ನಿನ ಬಿಸಿ ಇಳಿಸುವ ನೀರಿನ ಕೊಳವೆಗಳಿವೆ, ಪಟ್ಟಿ ಎಸೆಯುವ ಹಿಮ ತಾಗಿದರೇ ಅವು ತಣ್ಣಗಾಗುವುದು, ಗಟ್ಟಿ ದಾರಿಯಲ್ಲಿ ಹಿಮ ಏಳುವುದೇ ಇಲ್ಲ, ಗುಡಿಸುವುದನ್ನು ಬಿಡು ಮಾರಾಯ ಎಂಬರ್ಥದಲ್ಲಿ ಏನೋ ಹೇಳಿದಳು. ಅಂಕಲ್ ಹಿಡಿಸೂಡಿ ಹಿಡಿದುಕೊಂಡೇ ನಿಂತರು. ಆಮೇಲೆ ನಮ್ಮ ಕಡೆ ತಿರುಗಿ, "ಮೀನನ್ನು ನೀರಿಂದ ತೆಗೆದು ಒರೆಸಿ ಒರೆಸಿ ಇಟ್ಟೆನಲ್ಲ ನಾನು!" ಎಂದರು. ಹುಬ್ಬಿನ ಮೇಣ ಪಟಪಟನೆ ಒಡೆಯಿತು.

ಆದರೆ ಷರತ್ತು ಷರತ್ತೇ. ಊಟದ ಮೇಜಿನಲ್ಲಿ ಮಗಳು ಅದನ್ನು ಎತ್ತಿದಳು. "ಮಮ್, ಇಟ್ ಸ್ಟಾಪ್ಡ್. ಐ ವಾಸ್ ದೇರ್. ಯು ಪ್ರಾಮಿಸ್ಡ್."

ಅಂಕಲ್ ಚಮಚ ಕೆಳಗಿಟ್ಟರು. ಎಲ್ಲರೂ ಆಂಟಿಯನ್ನು ನೋಡಿದೆವು. ಅವರು ಸಾರು ಬಡಿಸುತ್ತಾ, "ನಿಂತಿತಾ? ನಾನು ನೋಡಲಿಲ್ಲಪ್ಪ. ನಾನು ಮರ ನೋಡ್ತಾ ಇದ್ದೆ" ಎಂದರು. ಅನ್ನ ಬೇಕಾ ಎಂದು ನನ್ನನ್ನು ಕೇಳಿದರು. ಅಲ್ಲಿಗೆ ಮುಗಿಯಿತು.

ಸೀಟಿನ ಪ್ಲಾಸ್ಟಿಕ್ಕನ್ನು ಮರುದಿನ ಅಂಕಲ್ಲೇ ಹರಿದು ತೆಗೆದರು. ಹಿಮ ಕರಗಿದಾಗ ನಿಂಬೆಹಣ್ಣು ಹುಲ್ಲಿನ ಮೇಲೆ ಇಡಿಯಾಗಿ, ಕಂದುಬಣ್ಣಕ್ಕೆ ತಿರುಗಿ ಬಿದ್ದಿತ್ತಂತೆ. ಬೂಟಿನಲ್ಲಿ ತುಳಿದು ಒಡೆದು, "ಪೂಜೆ ಈಗ ಮುಗೀತು, ಆಂಟಿಗೆ ಹೇಳ್ಬೇಡ" ಎಂದು ನನಗೆ ಫೋನ್ ಮಾಡಿದ್ದರು. ಅಮ್ಮ ಕೊಟ್ಟು ಕಳಿಸಿದ್ದ, ಹಾಳಾದೀತೆಂದು ಸೂಟ್‌ಕೇಸಿನಿಂದ ಹೊರಗೇ ತೆಗೆದಿರದ ಸೀರೆಯೊಂದನ್ನು ನಾನು ಆ ವಸಂತದಲ್ಲಿ ಒಂದು ಸಾಧಾರಣ ಮಂಗಳವಾರ ಉಟ್ಟು ಟ್ರಾಮ್ ಹತ್ತಿದೆ. ಅದಕ್ಕೂ ಇದಕ್ಕೂ ಸಂಬಂಧವಿತ್ತೆಂದು ಆಗ ಹೊಳೆದಿರಲಿಲ್ಲ.

ಮುಂದೆ ಹಲವು ಚಳಿಗಾಲ ಅವರು ಆ ದೋಣಿಯಲ್ಲೇ ಬೆಟ್ಟ ಹತ್ತಿ ಇಳಿದರು. ದಾರಿಯ ಅಂಚಿನಲ್ಲಿ, ಮೈಯೆಲ್ಲ ಹಿಮ ಮೆತ್ತಿಸಿಕೊಂಡು. ಅದು ಮತ್ತೆಂದೂ ಕೈಕೊಡಲಿಲ್ಲ. ಕೈಕೊಟ್ಟದ್ದು ಅವರ ಹೃದಯ, ಒಂದು ಶರತ್ಕಾಲದಲ್ಲಿ, ಇನ್ನೂ ಹಿಮ ಬೀಳುವ ಮೊದಲು, ಬಾಕ್ಸ್ ಹಿಲ್‌ನ ಮನೆಯಲ್ಲಿ. ಆಂಟಿ ಸಿಡ್ನಿಗೆ, ಮಗಳ ಹತ್ತಿರ ಹೋದರು.

ಆ ಜುಲೈಯಲ್ಲಿ, ಅಲ್ಲಿನ ಚಳಿಗಾಲದಲ್ಲಿ, ಆಂಟಿಯನ್ನು ನೋಡಲು ಹೋದೆ. ಬಾಲ್ಕನಿಯ ಎಳೆ ಬಿಸಿಲಿನಲ್ಲಿ ಕೂತಿದ್ದೆವು. ನೆನಪನ್ನು ನಂಬದ ನನ್ನ ಚಟ ಸುಮ್ಮನಿರಲಿಲ್ಲ.

"ಆಂಟಿ, ಆ ದಿನ ಗಾಡಿ ನಿಂತಿತ್ತು ಅಲ್ವಾ?"

ಅವರು ಕೆಳಗಿನ ರಸ್ತೆಯನ್ನು ನೋಡುತ್ತಿದ್ದರು. "ಕೈಯಲ್ಲಿ ಆ ಕೆಂಪು ದೀಪ ಮುಚ್ಚಿಕೊಂಡಿದ್ರು. ಹಿಂದೆ ಕೂತವಳಿಗೆ ಕಾಣುದಿಲ್ಲ ಅಂತ."

"ಮತ್ತೆ?"

"ಮತ್ತೆ ಎಂತ? ಮರ ಚಂದ ಇತ್ತು."

ತಲೆಗೆ ಹಚ್ಚಲೆಂದು ತಂದಿದ್ದ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಬೆಳ್ಳಗೆ ಗಟ್ಟಿಯಾಗಿತ್ತು. ಒಳಗೆ ಹೋಗಿ ಬಿಸಿನೀರಿನಲ್ಲಿ ಇಟ್ಟು ತರಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ, ಆಂಟಿ ಸೀಸೆಯನ್ನು ಎತ್ತಿ ಸ್ವೆಟರಿನೊಳಗೆ, ಕಂಕುಳಲ್ಲಿ ಇಟ್ಟುಕೊಂಡು, ಅದು ಕರಗುವುದನ್ನು ಕಾಯುತ್ತಾ ಕೂತರು.