ಕೂಗದೆ ಗೆದ್ದ ಆಟ

ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿಗೂ ಚಿಂತಾಮಣಿಯ ಕಾಲೇಜಿಗೂ ಬಾಸ್ಕೆಟ್‌ಬಾಲ್‌ನಲ್ಲಿ ಆಗಿಬರುತ್ತಿರಲಿಲ್ಲ. ಬೇರೆ ಯಾರೆದುರು ಸೋತರೂ ಮರುದಿನ ಕ್ಯಾಂಟೀನಿನಲ್ಲಿ ನಗುತ್ತಾ ಕೂರುತ್ತಿದ್ದೆವು. ಅವರೆದುರು ಸೋತರೆ ವಾರವಿಡೀ ಯಾರ ಮುಖವೂ ನೆಟ್ಟಗಿರುತ್ತಿರಲಿಲ್ಲ. ಹುಡುಗಿಯರ ತಂಡದಲ್ಲಿ ನಾನು ಚೆಂಡನ್ನು ಮುಂದಕ್ಕೆ ತಂದು ಪಾಸ್ ಕೊಡುವವಳು. ಅದನ್ನು ಬುಟ್ಟಿಗೆ ಹಾಕುವವಳು ಪಕ್ಕದ ಹಳ್ಳಿ ಕಳವಾರದಿಂದ ಬರುತ್ತಿದ್ದ ನನ್ನ ಗೆಳತಿ.

ಅವಳದು ನೀಳ ಕೈಕಾಲು, ದೊಡ್ಡ ಗಂಟಲು. ಚೆಂಡು ಬೇಕಾದರೆ ನನ್ನ ಹೆಸರು ಹಿಡಿದು ಕಿರುಚುತ್ತಿದ್ದಳು. ಬುಟ್ಟಿಗೆ ಬಿದ್ದರೆ ಎಗರಿ ಕುಣಿಯುತ್ತಿದ್ದಳು, ತಪ್ಪಿದರೆ ತೊಡೆಗೆ ಬಡಿದುಕೊಳ್ಳುತ್ತಿದ್ದಳು, ಸೋತರೆ ಎಲ್ಲರೆದುರೇ ಅಳುತ್ತಿದ್ದಳು. ಅವಳ ಅಪ್ಪನೂ ಹಾಗೆಯೇ. ಸೇವಂತಿಗೆ ಬೆಳೆಯುತ್ತಿದ್ದ ಅವರು ಹೂವಿನ ಮಾರ್ಕೆಟ್ ಮುಗಿಸಿಕೊಂಡು, ಖಾಲಿ ಚೀಲಗಳನ್ನು ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ನೇರ ಪಂದ್ಯಕ್ಕೆ ಬಂದುಬಿಡುತ್ತಿದ್ದರು. “ಹಾಕಮ್ಮಾ! ವೆಯ್ಯಮ್ಮಾ!” ಎಂದು ಕನ್ನಡ ತೆಲುಗು ಎರಡರಲ್ಲೂ ಕೂಗುತ್ತಿದ್ದರು. ಆಟದ ನಿಯಮ ಒಂದೂ ಅವರಿಗೆ ಗೊತ್ತಿರಲಿಲ್ಲ. ಮಗಳ ಕೈಗೆ ಚೆಂಡು ಬಂದರೆ ಹಾಕಬೇಕು, ಅಷ್ಟೇ.

ನಾನು ಮಾತ್ರ ಕೋರ್ಟಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಎಲ್ಲರೂ ಅದನ್ನು ಸಮಾಧಾನ ಎಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ಅದು ಹೆದರಿಕೆ. ತಪ್ಪಾದರೆ ಜನ ನನ್ನನ್ನು ಗುರುತಿಸಿಬಿಡುತ್ತಾರೆ ಎಂಬ ಹೆದರಿಕೆ.

ಎರಡನೇ ವರ್ಷದ ಫೈನಲ್ ಚಿಂತಾಮಣಿಯಲ್ಲಿ ನಡೆಯಿತು. ಅವರ ಕಾಲೇಜಿಗೆ ಕಾಲೇಜೇ ಕೋರ್ಟಿನ ಸುತ್ತ ನಿಂತಿತ್ತು. ಆಟ ಇನ್ನೇನು ಮುಗಿಯಬೇಕು ಅನ್ನುವಾಗ ನಾವು ಒಂದು ಪಾಯಿಂಟ್ ಮುಂದಿದ್ದೆವು. ನಾನು ಪಾಸ್ ಕೊಟ್ಟೆ. ಅವಳು ಎಗರಿದಳು. ಎದುರಾಳಿ ಹುಡುಗಿಯ ಮೊಣಕೈ ಅವಳ ತುಟಿಗೆ ಬಡಿದು, ಕೈಯಲ್ಲಿದ್ದ ಚೆಂಡು ಗೆರೆಯಾಚೆ ಹೋಯಿತು. ರೆಫರಿ ಫೌಲ್ ಕೊಡಲಿಲ್ಲ, ಚೆಂಡು ಅವರದು ಎಂದು ಕೈ ತೋರಿಸಿದರು.

“ಕಣ್ಣು ಕಾಣಿಸಲ್ವಾ ಸರ್ ನಿಮ್ಗೆ? ರಕ್ತ ಬರ್ತೈತೆ ನೋಡ್ರಿ!” ಎಂದು ಗೆಳತಿ ಕೂಗಿ, ಚೆಂಡನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಮಗಳ ತುಟಿಯ ರಕ್ತ ಕಂಡು ಅವಳ ಅಪ್ಪನೂ ಕೂಗಾಡುತ್ತಾ ಕೋರ್ಟಿನೊಳಕ್ಕೇ ನುಗ್ಗಿದರು. ಈ ಅಶಿಸ್ತಿಗೆ ರೆಫರಿ ನಮ್ಮ ತಂಡದ ಮೇಲೆ ಟೆಕ್ನಿಕಲ್ ಫೌಲ್ ಕೊಟ್ಟರು. ಫ್ರೀ ಥ್ರೋ ಹಾಕಿ ಚಿಂತಾಮಣಿಯವರು ಸಮ ಮಾಡಿಕೊಂಡರು. ಮತ್ತೆ ಚೆಂಡು ಅವರದೇ. ಇನ್ನೊಂದು ಬುಟ್ಟಿ ಹಾಕಿ ಗೆದ್ದುಬಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ದೈಹಿಕ ಶಿಕ್ಷಣದ ಮೇಡಂ ಅವಳ ಪಕ್ಕ ಬಂದು ಕೂತರು. ನನ್ನ ಕಡೆ ಕೈ ತೋರಿಸಿ, “ಇವಳನ್ನ ನೋಡಿ ಕಲಿಯಮ್ಮ. ಏನಾದ್ರೂ ಮುಖದಲ್ಲಿ ಗೊತ್ತಾಗುತ್ತಾ? ಹೆಣ್ಣುಮಕ್ಕಳು ಹಿಂಗೆ ಕಿರುಚಾಡ್ತಾರೆ ಅಂದ್ರೆ ನಾಳೆ ಕಾಲೇಜಲ್ಲಿ ಟೀಮೇ ಬೇಡ ಅಂತಾರೆ,” ಎಂದರು. ಅದು ಸುಮ್ಮನೆ ಬೈದದ್ದಲ್ಲ. ಹುಡುಗಿಯರ ತಂಡ ಕಟ್ಟಲು ಅವರು ಎಷ್ಟು ಜನರ ಕೊಂಕು ಕೇಳಿದ್ದರೆಂದು ನಮಗೆ ಗೊತ್ತಿತ್ತು. ಗೆಳತಿ ಊದಿದ ತುಟಿಗೆ ಕರ್ಚೀಫು ಒತ್ತಿಕೊಂಡು ತಲೆಯಾಡಿಸಿದಳು.

ಅಂದಿನಿಂದ ಅವಳು ಬದಲಾಗತೊಡಗಿದಳು. ಅಭ್ಯಾಸದಲ್ಲಿ ದನಿ ಎತ್ತಿದರೆ ಮೇಡಂ ಆಟ ನಿಲ್ಲಿಸಿ ಅವಳನ್ನು ಬೆಂಚಿಗೆ ಕಳಿಸುತ್ತಿದ್ದರು. ಮೊದಮೊದಲು ಬೆಂಚಿನಲ್ಲೇ ಹೆಚ್ಚು ಕೂತಿದ್ದಳು. ಆಮೇಲೆ ತಾನೇ ತುಟಿ ಕಚ್ಚಿಕೊಳ್ಳುವುದನ್ನು ಕಲಿತಳು. ನನ್ನ ಹೆಸರು ಕೂಗುವ ಬದಲು ಕೈ ಎತ್ತುತ್ತಿದ್ದಳು. ನಾವೆಲ್ಲ ಬೆನ್ನು ತಟ್ಟಿದೆವು.

ಮರುವರ್ಷದ ಫೈನಲ್ ನಮ್ಮ ಕಾಲೇಜಿನಲ್ಲೇ ಇತ್ತು. ಹಿಂದಿನ ದಿನ ಅವಳ ಅಪ್ಪ ಮಗಳನ್ನು ಕರೆದೊಯ್ಯಲು ಬಂದಾಗ ಮೇಡಂ ಅವರನ್ನು ಮಾತಾಡಿಸಿದರು. ನಾನು ಅಲ್ಲೇ ಇದ್ದೆ.

“ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ನೀವು ಕೂಗಿದ್ರೆ ಅವಳು ತಡ್ಕೊಳಲ್ಲ. ನಾಳೆ ಒಂದಿನ ಬರ್ಬೇಡಿ.”

ಅವರು ಮೊಪೆಡ್ಡಿನ ಹಿಂದಿನ ಚೀಲಗಳನ್ನು ಮತ್ತೊಮ್ಮೆ ಬಿಗಿದು ಕಟ್ಟಿದರು. “ಆಗ್ಲಿ ಬಿಡಿ ಮೇಡಂ. ಮಗು ಗೆದ್ರೆ ಸಾಕು,” ಎಂದರು.

ಮಗು ಗೆದ್ದಿತು. ಕೊನೆಯ ಗಳಿಗೆಯವರೆಗೂ ಆಟ ಸಮಸಮವಾಗಿತ್ತು. ಚಿಂತಾಮಣಿಯವರು ಅವಳ ಅಂಗಿ ಎಳೆದರು, ಕಾಲು ತುಳಿದರು, ತೆಲುಗಿನಲ್ಲಿ ಅವಳ ಅಪ್ಪನನ್ನು ಆಡಿಕೊಂಡರು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ನಾನು ಕೊಟ್ಟ ಪಾಸನ್ನು ಹಿಡಿದು, ಬೋರ್ಡಿಗೆ ಮೆಲ್ಲನೆ ತಾಗಿಸಿ ಬುಟ್ಟಿಗೆ ಬಿಟ್ಟಳು. ರೆಫರಿ ಸೀಟಿ ಊದಿದರು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರೆ, ಅವಳು ಚೆಂಡನ್ನು ರೆಫರಿಯ ಕೈಗೆ ಕೊಟ್ಟು, ಎದುರಾಳಿಗಳ ಕೈ ಕುಲುಕಿ, ನೀರು ಕುಡಿಯಲು ಹೋದಳು.

ಸಂಜೆ ಕಪ್ ಹಿಡಿದುಕೊಂಡು ನಾವೆಲ್ಲ ಕಳವಾರಕ್ಕೆ ಹೋದೆವು. ಅವಳ ಅಪ್ಪ ತೋಟದಿಂದ ಓಡಿಬಂದರು. ಕಪ್ಪನ್ನು ಎರಡೂ ಕೈಯಲ್ಲಿ ಇಸಕೊಂಡು ನನ್ನನ್ನು ಕೇಳಿದರು: “ಹೆಂಗೆ ಹಾಕಿದ್ಳಮ್ಮ ಕೊನೇದು? ಜೋರಾಗಿ ಕೂಗಿದ್ಳಾ?”

“ಇಲ್ಲ ಅಂಕಲ್, ಒಂದ್ ಮಾತೂ ಆಡ್ಲಿಲ್ಲ.”

“ಹೌದಾ,” ಎಂದು ಮಗಳ ಕಡೆ ನೋಡಿದರು. “ಒಳ್ಳೇದಾಯ್ತು ಬಿಡಮ್ಮ.”

ಅವಳು ಎಲ್ಲರಿಗೂ ಕಾಫಿ ತರಲು ಒಳಗೆ ಹೋದಳು. ಹಿಂದೆಯೇ ಹೋದೆ. “ಏನಾಯ್ತೇ ನಿಂಗೆ?” ಎಂದೆ.

“ಏನೂ ಆಗ್ಲಿಲ್ಲ ಕಣೇ. ಅದೇ ನೋಡು. ಗೆದ್ವಿ, ನಂಗೆ ಏನೂ ಅನ್ನಿಸ್ಲೇ ಇಲ್ಲ.”

ಯೂನಿವರ್ಸಿಟಿ ತಂಡದ ಆಯ್ಕೆಗೆ ಅವಳನ್ನು ಕರೆದಿದ್ದರು. ಹೋಗಲಿಲ್ಲ. ಮೇಡಂ ಫೋನ್ ಮಾಡಿದರು, ನಾವು ಮನೆಗೇ ಹೋಗಿ ಕರೆದೆವು. ಅವಳು ಕೋಪಿಸಿಕೊಳ್ಳಲೂ ಇಲ್ಲ, ಅಳಲೂ ಇಲ್ಲ. ಬೇಡ ಎಂದಳು, ಅಷ್ಟೇ. ಮತ್ತೆ ಕೋರ್ಟಿಗೆ ಕಾಲಿಡಲಿಲ್ಲ.

ನಾನೀಗ ಗೌರಿಬಿದನೂರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಹೋದ ವರ್ಷ ಮೇಡಂ ಮದುವೆಯೊಂದರಲ್ಲಿ ಸಿಕ್ಕರು. ನಿವೃತ್ತರಾಗಿದ್ದಾರೆ. ಊಟದ ಸಾಲಿನಲ್ಲಿ ಪಕ್ಕದಲ್ಲೇ ಕೂತಿದ್ದವರು, ನಾನು ಕೇಳದಿದ್ದರೂ ತಾವೇ ಹೇಳಿದರು: “ಆ ಹುಡುಗೀನ ಹಂಗೇ ಬಿಡ್ಬೇಕಾಗಿತ್ತಮ್ಮ. ಅವಳ ಸಿಟ್ಟು ಕಮ್ಮಿ ಮಾಡಣ ಅಂತ ಹೋದೆ. ಆಟಾನೂ ಅದರ ಜೊತೆಗೇ ಹೋಯ್ತು. ಅವರಪ್ಪಂಗೆ ಬೇರೆ ಬರ್ಬೇಡಿ ಅಂದ್ಬಿಟ್ಟೆ.” ಎಲೆಯ ಮೇಲಿನ ಅನ್ನವನ್ನು ಅವರು ಕಲಸುತ್ತಲೇ ಇದ್ದರು, ಉಣ್ಣಲಿಲ್ಲ.

ಗೆಳತಿ ಶಿಡ್ಲಘಟ್ಟದಲ್ಲಿದ್ದಾಳೆ. ಗಂಡನ ಜೊತೆ ರೇಷ್ಮೆ ನೂಲು ತೆಗೆಯುವ ಫಿಲೇಚರ್ ನಡೆಸುತ್ತಾಳೆ. ಮೇಡಂ ಆಡಿದ ಮಾತನ್ನು ಹೇಳಲೆಂದೇ ಒಂದು ಭಾನುವಾರ ಅಲ್ಲಿಗೆ ಹೋದೆ. ಯಂತ್ರಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಹೊರಗೆ ಕರೆದುಕೊಂಡು ಬಂದು ಹೇಳಿದೆ. ಅವಳು ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡಳು.

“ಅಪ್ಪ ಇದ್ದಾಗ ಹೇಳ್ಬೇಕಾಗಿತ್ತು ಕಣೇ ಅವ್ರು,” ಎಂದಳು. “ಚಿಂತಾಮಣೀಲಿ ಸೋತಿದ್ದು ತನ್ನಿಂದಾನೇ ಅಂತ ಕೊನೇವರ್ಗೂ ಅನ್ಕೊಂಡಿದ್ದ. ನಾವು ಫೈನಲ್ ಗೆದ್ದಿದ್ದನ್ನ ನೋಡ್ಲೇ ಇಲ್ಲ.”

ಅವಳ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳು ಇದನ್ನು ಹೇಳುವಾಗಲೂ ದನಿ ನಡುಗಲಿಲ್ಲ. ನಾನೇ ಅತ್ತೆ. ಅವಳು ನನ್ನ ಭುಜ ಹಿಡಿದುಕೊಂಡು, ದನಿ ಎತ್ತದೆ, “ಸುಮ್ನಿರೇ, ಸುಮ್ನಿರು,” ಎಂದಳು.