ಮೈಕಿನಲ್ಲಿ ‘ಬ್ಯಾಡ’ ಅನ್ನದ ಚಾಚಾ

ಚಾಚಾ ಅವರ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಶಾಮಿಯಾನದ ಹಗ್ಗ ಎಳೆದೆಳೆದು ಎರಡೂ ಕೈ ಸವೆದು ನುಣ್ಣಗಾಗಿದ್ದವು. ನಡುವೆ ಅಡ್ಡಲಾಗಿ ಹಗ್ಗ ಉಜ್ಜಿ ಸುಟ್ಟ ಒಂದು ಗುರುತು ಮಾತ್ರ ಹೊಳೆಯುತ್ತಿತ್ತು. ಒಮ್ಮೆ ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಅವರನ್ನು ಹಿಡಿದು ನಿಲ್ಲಿಸಿದ. ಕೈ ಬಿಚ್ಚಿಸಿ ನೋಡಿ, ಪಿಳಿಪಿಳಿ ಕಣ್ಣು ಬಿಟ್ಟ. “ನನ್ನ ನಸೀಬು ಹಗ್ಗ ತಿಂದದಪ್ಪ, ಅದನ್ನ ಹೋಗಿ ಕೇಳು,” ಎಂದು ಚಾಚಾ ಕೈ ಕೊಸರಿಕೊಂಡು ನಡೆದರು.

ಅವರದು ಪೆಂಡಾಲ್ ಕೆಲಸ. ಬರೀ ಬಟ್ಟೆ ಕಟ್ಟಿ ಬಿಲ್ಲು ತೆಗೆದುಕೊಂಡು ಹೋಗುವವರಲ್ಲ. ಸಮಾವೇಶ, ಉರುಸು, ಜಯಂತಿ, ಸಾಮೂಹಿಕ ಮದುವೆ, ಬಯಲಲ್ಲಿ ಜನ ಸೇರುವ ಯಾವುದೇ ಕಾರ್ಯಕ್ರಮ ಇರಲಿ, ಯಾರು ಎಲ್ಲಿಂದ ಬರಬೇಕು, ಎಲ್ಲಿ ಕೂರಬೇಕು, ನೀರಿನ ಡ್ರಮ್ಮು ಎಲ್ಲಿ, ಅಂಬುಲೆನ್ಸ್ ಯಾವ ಕಡೆ ಮುಖ ಮಾಡಿ ನಿಲ್ಲಬೇಕು, ಎಲ್ಲ ಅವರೇ ನೋಡಬೇಕು. ಖಾಲಿ ಬಯಲಿಗೆ ಕಾಲಿಟ್ಟರೆ ಎಲ್ಲರೂ ಸ್ಟೇಜಿಗೆ ಜಾಗ ಹುಡುಕುತ್ತಾರೆ. ಇವರು ಸುಣ್ಣದ ಪುಡಿ ಹಿಡಿದು ಮೊದಲು ಜನ ಹೊರಗೆ ಹೋಗುವ ದಾರಿಗೆ ಗೆರೆ ಹಾಕುತ್ತಿದ್ದರು. “ಏ ಚಾಚಾ, ಸಭಿ ಇನ್ನಾ ಶುರುನ ಆಗಿಲ್ಲ, ಮಂದಿನ್ನ ಕಳಸಾಕ ನಿಂತೀರಲ್ಲ?” ಎಂದು ಕಮಿಟಿಯವರು ಚಾಷ್ಟಿ ಮಾಡುತ್ತಿದ್ದರು.

“ಕರ್ಯಾಕ ನೀವು ಮಸ್ತ್ ಮಂದಿ ಅದೀರಿ. ಕಳಸಾಂವ ನಾನೊಬ್ಬನ,” ಎನ್ನುತ್ತಿದ್ದರು ಚಾಚಾ.

ಸಿಟ್ಟು ಮೂಗಿನ ತುದಿಯಲ್ಲಿ. ಬೈಗುಳ ಅವರ ಬಾಯಲ್ಲಿ ಬಿಸ್ಮಿಲ್ಲಾದ ಬೆನ್ನಿಗೇ ಬರುತ್ತಿತ್ತು. ತಲೆಗೂದಲಿಗೆ ಮೆಹಂದಿ, ಕಿವಿಯಲ್ಲಿ ಅತ್ತರಿನ ಹತ್ತಿ. ಅಷ್ಟು ಜನಕ್ಕೆ ಊಟದ ವ್ಯವಸ್ಥೆ ಮಾಡಿಸಿದರೂ ಬಯಲು ಖಾಲಿಯಾಗುವತನಕ ಒಂದು ತುತ್ತು ಮುಟ್ಟುತ್ತಿರಲಿಲ್ಲ. ಮೈಕ್ ಹಿಡಿದವರು ಎಲ್ಲರಿಗಿಂತ ಕೊನೆಗೆ ಸ್ಟೇಜು ಇಳಿಯಬೇಕು ಎಂಬುದು ಅವರ ಕಟ್ಟಪ್ಪಣೆ.

ನಾನು ಅವರ ಕೈಗೆ ಸಿಕ್ಕಿದ್ದು ಮಾನ್ವಿಯ ಒಂದು ಸಾಮೂಹಿಕ ಮದುವೆಯಲ್ಲಿ. ನನ್ನವ್ವ ಗಂಜ್ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಹಸನು ಮಾಡುವ ಕೂಲಿ. ನಾನು ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಗಟ್ಟಿ ದನಿಯ ಹುಡುಗಿ ಎಂದು ವಧೂವರರ ಹೆಸರು ಓದಲು ಕರೆದಿದ್ದರು. ಊಟದ ಕಡೆಗೆ ಜನ ನುಗ್ಗತೊಡಗಿದಾಗ, ನಾನೇ ದೊಡ್ಡ ಜಾಣೆ ಎಂದುಕೊಂಡು “ನೂಕಬ್ಯಾಡ್ರಿ, ನೂಕಬ್ಯಾಡ್ರಿ” ಎಂದು ಮೈಕಿನಲ್ಲಿ ಕೂಗಿದೆ. ಯಾರೋ ಹಿಂದಿನಿಂದ ಬಂದು ಮೈಕು ಕಸಿದುಕೊಂಡರು.

“ಲೇ ಯವ್ವಾ, ನೂಕ್ರಿ ಅಂತ ಯಾಕ ಒದರಾಕತ್ತೀ?”

“ನಾ ನೂಕಬ್ಯಾಡ್ರಿ ಅಂದೀನ್ರಿ!”

“ನೀ ಅಂದಿ. ಹಿಂದ ನಿಂತಾಂವಗ ಏನ್ ಕೇಳಿಸ್ತು? ಹೋಗು, ಆ ಬೇವಿನ ಗಿಡದ ಕೆಳಗ ನಿಂತು ಕೇಳು.”

ಮೈಕಿನಲ್ಲಿ “ನಿಂದರ್ರಿ, ಎಲ್ಲಾರಿಗೂ ಊಟ ಅದ” ಎಂದು ಜನರನ್ನು ಹತೋಟಿಗೆ ತಂದ ಮೇಲೆ ಆ ಮನುಷ್ಯ ನನ್ನನ್ನು ನಿಜವಾಗಿಯೂ ಬೇವಿನ ಗಿಡದ ಕೆಳಗೆ ಕಳಿಸಿದರು. ಬಯಲು ಖಾಲಿಯಾಗಿತ್ತು, ಗಾಳಿ ಬೀಸುತ್ತಿತ್ತು. ಅವರು ಸ್ಟೇಜಿನಿಂದ ನನ್ನದೇ ಮಾತನ್ನು ಕೂಗಿದರು. ಲೌಡ್‌ಸ್ಪೀಕರಿನ ಹಾರ್ನಿನಿಂದ ನನ್ನ ಕಿವಿಗೆ ಬಿದ್ದದ್ದು “ನೂಕ… ಡ್ರಿ”.

ಮರಳಿ ಬಂದಾಗ ನನ್ನ ಮುಖ ನೋಡಿ ನಕ್ಕರು. “ನಮ್ಮ ಮನಿ ಮಾತಿನ್ಯಾಗ ‘ನಕ್ಕೋ’ ಅಂದ್ರ ಬ್ಯಾಡ, ಅದನ್ನ ಮುಂದ ಇಟ್ರೂ ನಡೀತದ. ಕನ್ನಡದಾಗ ‘ಬ್ಯಾಡ’ ನಡುವ ಸಿಕ್ಕೊಂಡಿರ್ತದ ಬೇಟಿ. ಗಾಳಿ ಅದೊಂದನ್ನ ತಿಂತಂದ್ರ, ಓಡಬ್ಯಾಡ್ರಿ ಅಂದಿದ್ದು ಓಡ್ರಿ ಆಗ್ತದ. ಮೈಕಿನ್ಯಾಗ ‘ಬ್ಯಾಡ’ ಹರಾಮ್. ಏನ್ ಮಾಡ್ಬೇಕು ಅದನ್ನ ಹೇಳು. ನಿಂದರ್ರಿ ಅನ್ನು. ಕುಂದರ್ರಿ ಅನ್ನು.”

ಅವತ್ತಿನಿಂದ ನಾನು ಅವರ ಜೊತೆಗಾತಿ. ರಾಯಚೂರು, ಮಾನ್ವಿ, ದೇವದುರ್ಗ, ದೇವಸುಗೂರು, ಎಲ್ಲಿ ಕೆಲಸವೋ ಅಲ್ಲಿ. ಹೆಣ್ಣುಮಗಳನ್ನು ಪೆಂಡಾಲ್ ಕೆಲಸಕ್ಕೆ ಹಚ್ಚಿದ್ದಾನೆಂದು ಆಡಿಕೊಂಡವರಿಗೆ “ನಿಮ್ಮ ಗಂಡಮಕ್ಕಳ ದನಿ ಇಷ್ಟು ದೂರ ಹೋಗ್ತದೇನು?” ಎಂದು ಬಾಯಿ ಮುಚ್ಚಿಸುತ್ತಿದ್ದರು. ನಾನು ಈಗಲೂ ಇದೇ ಕೆಲಸ ಮಾಡಿ ಉಣ್ಣುತ್ತಿದ್ದೇನೆ.

ಆ ದೇವದುರ್ಗದ ದಿನದ ಬಗ್ಗೆ ಬರೆಯದೆ ಚಾಚಾ ಅವರ ಬಗ್ಗೆ ಬರೆದರೆ ಅದು ಸುಳ್ಳಾಗುತ್ತದೆ.

ಊರ ಹೊರಗಿನ ಬಯಲಿನಲ್ಲಿ ಹೆಣ್ಣುಮಕ್ಕಳ ದೊಡ್ಡ ಸಮಾವೇಶ. ಮುಂದೆ ಚುನಾವಣೆಗೆ ನಿಲ್ಲಬೇಕೆಂದಿದ್ದ ಒಬ್ಬ ದೊಡ್ಡ ಮನುಷ್ಯರ ಖರ್ಚು. ಸುತ್ತಲಿನ ಜಾಲಹಳ್ಳಿ, ಗೂಗಲ್ ಹಳ್ಳಿಗಳ ಕಡೆಯಿಂದೆಲ್ಲ ಟ್ರ್ಯಾಕ್ಟರಿನಲ್ಲಿ ಹೆಂಗಸರನ್ನು ತುಂಬಿಕೊಂಡು ಬಂದಿದ್ದರು. ಬೇಸಿಗೆ. ಪಡುವಣ ಕಡೆಗೆ ಚಾಚಾ ಅಗಲವಾಗಿ ಬಿಟ್ಟಿದ್ದ ಹೊರದಾರಿಯಲ್ಲಿ ನೆರಳಿತ್ತು. ನೆರಳು ಕಂಡರೆ ಕಾರಿನವರು ಬಿಡುತ್ತಾರೆಯೇ? ಅತಿಥಿಗಳ ಕಾರುಗಳೆಲ್ಲ ಸುಣ್ಣದ ಗೆರೆಯ ಮೇಲೆಯೇ ಸಾಲಾಗಿ ನಿಂತವು.

“ಗಾಡಿ ತೆಗಸ್ರಿ, ಇಲ್ಲಾಂದ್ರ ಪೆಂಡಾಲ್ ಬಿಚ್ಚತೀನಿ,” ಎಂದು ಚಾಚಾ ಕಮಿಟಿಯ ಕಾರ್ಯದರ್ಶಿಯ ಮೇಲೆ ಹರಿಹಾಯ್ದರು.

“ಎರಡ ತಾಸಿನ ಮಾತು, ಇರ್ಲಿ ಬಿಡ್ರಿ ಚಾಚಾ. ಸಾಹೇಬರು ಬಂದ ಕೂಡ್ಲೆ ತೆಗಸ್ತೀನಿ,” ಎಂದ ಅವನು.

ಈ ‘ಇರ್ಲಿ ಬಿಡ್ರಿ’ ನಮ್ಮ ಸೀಮೆಯ ದೊಡ್ಡ ರೋಗ. ಎಷ್ಟು ಹೆಣ ಬಿದ್ದಿವೆಯೋ ಈ ಎರಡು ಮಾತಿಗೆ. ಚಾಚಾ ತಾವೇ ಹೋಗಿ ಡ್ರೈವರುಗಳ ಜೊತೆ ಜಗಳಕ್ಕೆ ನಿಂತರು. ನಾನು ಬಯಲಿನ ಇನ್ನೊಂದು ತುದಿಯಲ್ಲಿ ನೀರಿನ ಡ್ರಮ್ಮುಗಳ ಹತ್ತಿರ ಇದ್ದೆ. ಮೈಕು ಕಾರ್ಯದರ್ಶಿಯ ಕೈಯಲ್ಲಿತ್ತು.

ಗಾಳಿ ಒಮ್ಮೆಲೇ ಎದ್ದಿತು. ಕೆಂಪು ಧೂಳು ಕಣ್ಣಿಗೆ ಹೊಕ್ಕಿತು, ಮೇಲಿನ ಬಟ್ಟೆ ಪಟಪಟ ಬಡಿಯತೊಡಗಿತು, ಮೂಲೆಯ ಒಂದು ಗಳ ವಾಲಿತು. ಬಿದ್ದದ್ದು ಅದೊಂದೇ ಗಳ, ಅದೂ ಯಾರ ಮೇಲೂ ಅಲ್ಲ. ಹೆಂಗಸರು ಎದ್ದು ನಿಂತರು, ಅಷ್ಟೇ. ಆಗ ಕಾರ್ಯದರ್ಶಿ ಮೈಕಿನಲ್ಲಿ ಬಾಯಿ ಬಡಿದುಕೊಂಡ: “ಓಡಬ್ಯಾಡ್ರಿ! ಓಡಬ್ಯಾಡ್ರಿ!”

ನನ್ನ ಈ ಕಿವಿಗಳಿಂದ ಕೇಳಿದ್ದೇನೆ. ಹಾರ್ನು ಹೇಳಿದ್ದು “ಓಡ್ರಿ! ಓಡ್ರಿ!”

ಓಡಿದರು. ಹೊರದಾರಿಗೆ ಓಡಿದರು, ಅಲ್ಲಿ ಕಾರುಗಳಿದ್ದವು. ನಾನು ಜನರ ಎದುರಿಗೆ ನುಗ್ಗಿ ಸ್ಟೇಜು ಹತ್ತಿ, ಮೈಕು ಕಸಿದು “ಕುಂದರ್ರಿ” ಎಂದು ಕೂಗುವ ಹೊತ್ತಿಗೆ ಆಗುವುದು ಆಗಿಹೋಗಿತ್ತು. ಅತ್ತ ಚಾಚಾ ಒಂದು ಕಾರಿನ ಮೇಲೆ ಹತ್ತಿ ನಿಂತು, ಎರಡೂ ಅಂಗೈಯನ್ನು ಕೆಳಗೆ ಒತ್ತಿ ಒತ್ತಿ ಕೂರಲು ಹೇಳುತ್ತಿದ್ದರು. ಅವರ ದನಿ ಯಾರಿಗೂ ಕೇಳುತ್ತಿರಲಿಲ್ಲ. ಎಷ್ಟೋ ಹೆಂಗಸರ ಕೈಕಾಲು ಮುರಿದವು. ಹತ್ತಿ ಬಿಡಿಸುವ ಕೂಲಿಯ ಒಬ್ಬ ಹೆಣ್ಣುಮಗಳು ಎರಡು ಕಾರುಗಳ ನಡುವೆ ಸತ್ತುಹೋದಳು.

ಕೇಸು ಯಾರ ಮೇಲೆ ಬಿತ್ತು ಎಂದು ಹೇಳಬೇಕೇ? ಪೆಂಡಾಲ್ ಗಟ್ಟಿ ಇರಲಿಲ್ಲ ಎಂದು ಕಾರ್ಯದರ್ಶಿ ಹೇಳಿಕೆ ಕೊಟ್ಟ. ಕಾರುಗಳ ಮಾತೇ ಎಲ್ಲೂ ಬರಲಿಲ್ಲ. ನಾನು ಕಂಡದ್ದನ್ನು ಹೇಳಲು ಹೋದರೆ, ನೀನು ಅವನ ಕೈಕೆಳಗಿನವಳು ಎಂದು ಬದಿಗೆ ಕೂರಿಸಿದರು. ದೊಡ್ಡ ಮನುಷ್ಯರು ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿಸಿದರು. ಅದರಲ್ಲಿ ಸತ್ತವಳ ಫೋಟೋಗಿಂತ ಅವರ ಫೋಟೋ ದೊಡ್ಡದಿತ್ತು. ಥೂ ಅವರ!

ಜಾಮೀನು ಸಿಕ್ಕ ಕೂಡಲೇ ಚಾಚಾ ಸತ್ತವಳ ಮನೆಗೆ ಹೊರಟರು. ಬಡಿದಾರು, ಬೇಡ ಎಂದೆ. ಕೇಳಲಿಲ್ಲ. ನಾನೂ ಜೊತೆಗೆ ಹೋದೆ. ಯಾರೂ ಬಡಿಯಲಿಲ್ಲ. ಅವಳ ಅತ್ತೆ ಬಾಗಿಲಲ್ಲಿ ಕೂತಿದ್ದಳು. ಅಳುವುದೂ ಮುಗಿದುಹೋಗಿತ್ತು. ಚಾಚಾ ಅವರನ್ನು ನೋಡಿ ಒಂದೇ ಮಾತು ಕೇಳಿದಳು:

“ಓಡ್ರಿ ಅಂತ ಯಾಕಂದ್ರಿ ಯಪ್ಪಾ? ನಮ್ಮಾಕಿ ಹೇಳಿದಂಗ ಕೇಳಾಕಿ ಇದ್ಲು.”

ಅವರಲ್ಲ ಅಂದದ್ದು, ಅಂದದ್ದು ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಚಾಚಾ ನನ್ನ ಕೈ ಒತ್ತಿದರು. “ಹೌದವ್ವ. ಹಂಗ ಕೇಳಿಸ್ತು. ತಪ್ಪಾತು,” ಎಂದು ಆ ಮುದುಕಿಯ ಮುಂದೆ ನೆಲಕ್ಕೆ ಕೂತರು.

ಬಸ್ಸಿನಲ್ಲಿ ಬರುವಾಗ ನಾನು ಜಗಳ ತೆಗೆದೆ. ಮಾಡದ ತಪ್ಪನ್ನು ಯಾಕೆ ತಲೆಗೆ ಕಟ್ಟಿಕೊಂಡಿರಿ ಎಂದು.

“ಏನ್ ಹೇಳ್ಲಿ ಆಕಿಗಿ? ವ್ಯಾಕರಣ ಹೇಳ್ಲ್ಯಾ?” ಎಂದು ಕಿಟಕಿಯ ಕಡೆ ತಿರುಗಿ ಕೂತರು.

ಆಮೇಲೆ ಅವರು ಮೈಕು ಮುಟ್ಟಲಿಲ್ಲ. ಕೆಲಸ ಕೊಡುವವರೂ ಕಡಿಮೆಯಾದರು. ಗಂಟಲು ಕೆಟ್ಟಿತು. ಧೂಳಿಗೆ ಎಂದುಕೊಂಡೆವು, ಗಡ್ಡೆಯಾಗಿತ್ತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಜೀವ ಉಳಿಸುತ್ತೇವೆಂದು ದನಿಪೆಟ್ಟಿಗೆಯನ್ನೇ ತೆಗೆದರು. ಕೋರ್ಟಿನಲ್ಲಿ ಕಟಕಟೆ ಹತ್ತಿದಾಗ “ಹೆಸರು ಹೇಳ್ರಿ, ಗಟ್ಟಿಯಾಗಿ ಹೇಳ್ರಿ” ಎಂದರು. ಬಯಲುಗಟ್ಟಲೆ ಜನರನ್ನು ಒಂದು ಮಾತಿಗೆ ಕೂರಿಸಿದ ಆ ಮನುಷ್ಯ, ಗಂಟಲಿನ ತೂತಿನ ಮೇಲೆ ಕರವಸ್ತ್ರ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಅತ್ತೆ.

ಕೇಸು ಮುಗಿಯುವ ಮೊದಲೇ ಚಾಚಾ ಮುಗಿದರು. ಆರೋಪಿ ಸತ್ತರೆ ಕೇಸೂ ಸತ್ತಂತೆ, ಎಂದರು ವಕೀಲರು. ಅವರದು ತಪ್ಪಿರಲಿಲ್ಲ ಎಂದು ಇನ್ನು ಯಾವ ಕೋರ್ಟೂ ಹೇಳುವುದಿಲ್ಲ.

ಅವರ ಮನೆಯ ಓಣಿ ಬಹಳ ಇಕ್ಕಟ್ಟು. ಯಾರೂ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಮಾನ್ವಿಯಿಂದ, ದೇವದುರ್ಗದಿಂದ, ಎಲ್ಲೆಲ್ಲಿಂದಲೋ ಬಂದರು. ಹಮಾಲರು, ಹಾರ್ನು ಕಟ್ಟುವವರು, ಅವರು ಕಟ್ಟಿದ ಪೆಂಡಾಲಿನಲ್ಲಿ ತಾಳಿ ಕಟ್ಟಿದವರು. ಶವ ಹೊತ್ತ ಜನಾಜಾ ಹೊರಬಿದ್ದಾಗ ಎಲ್ಲರಿಗೂ ಹೆಗಲು ಕೊಡುವ ಆಸೆ. ಎರಡೂ ತುದಿಯಿಂದ ಒತ್ತಿಕೊಂಡು ಬಂದರು. ಹೊತ್ತವರ ಕಾಲು ತಡವರಿಸಿ ಜನಾಜಾ ಒಂದು ಕಡೆ ವಾಲಿತು. ಮುಂದಿದ್ದ ಅವರ ತಮ್ಮ ಗಾಬರಿಯಿಂದ ಕೂಗಿದರು: “ನೂಕಬ್ಯಾಡ್ರಿ! ನೂಕಬ್ಯಾಡ್ರಿ!”

ಓಣಿ ಇನ್ನಷ್ಟು ಜೋರಾಗಿ ನೂಕಿತು.

ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ನಾನು ಅವರ ಮನೆಯ ಕಟ್ಟೆಯ ಮೇಲೆ ಹೆಂಗಸರ ನಡುವೆ ಅಳುತ್ತ ನಿಂತಿದ್ದವಳು. ಎಲ್ಲಿಂದ ಬಂತೋ ದನಿ, ಮೈಕಿಲ್ಲದೆ ಬಂತು. “ನಿಂದರ್ರಿ! ಎಲ್ಲಾರೂ ಗ್ವಾಡಿ ಹಿಡದು ನಿಂದರ್ರಿ!”

ನಿಂತರು. ಎರಡೂ ಕಡೆ ಗೋಡೆಗೆ ಬೆನ್ನು ಹಚ್ಚಿ ನಿಂತರು, ನಡುವೆ ದಾರಿಯಾಯಿತು. ನೆಟ್ಟಗಾದ ಜನಾಜಾ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ, ಯಾರಿಗೂ ತಾಗದೆ, ಓಣಿ ದಾಟಿ ಹೋಯಿತು.

“ಕೆಳಗಿಳಿ ಬೇ, ಒಳಗ ಬಾ,” ಎಂದು ಚಾಚಿ ಸೆರಗು ಎಳೆದರು. ನಾನು ಇಳಿಯಲಿಲ್ಲ. ಓಣಿಯಲ್ಲಿ ಇನ್ನೂ ಜನರಿದ್ದರು.