ಮಡಿಸುವವರು ಯಾರು

ಕೊಳ್ಳೇಗಾಲದ ಆ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವುದಕ್ಕೆಂದೇ ಒಬ್ಬರಿದ್ದರು. ಅವರು ಸೀರೆ ತೋರಿಸುತ್ತಿರಲಿಲ್ಲ. ಗೋಡೆಗೊರಗಿ ಕೂತು, ಕಪಾಟಿನ ಕಡೆ ಗದ್ದ ಎತ್ತಿ, "ಅಲ್ಲೇ ನೋಡ್ಕಳಿ" ಎನ್ನುತ್ತಿದ್ದರು. ಸೆರಗು ನೋಡಬೇಕೆಂದರೆ ಒಂದೇ ಮಾತು: "ಬಿಚ್ಚುದ್ರೆ ಮಡ್ಸೋರ್ ಯಾರವ್ವಾ?"

ಮುಳ್ಳೂರಿನಿಂದ ಬರುತ್ತಿದ್ದ ನನ್ನಮ್ಮ ತಾನು ಕೊಂಡ ಸೀರೆಗಳ ಸೆರಗನ್ನು ಮನೆಗೆ ಹೋಗಿಯೇ ನೋಡುತ್ತಿದ್ದಳು. ಒಮ್ಮೆ ಅಂಗೈಯಗಲ ತೂತಿತ್ತು. ವಾಪಸ್ ತಂದರೆ, "ಅಂಗಡೀಲಿ ಬಿಚ್ಚೇ ಇಲ್ವಲ್ಲ, ಇಲ್ಲೆಂಗಾದದು?" ಎಂದರು.

ಒಂದು ಬೆಳಿಗ್ಗೆ ನಾವಿದ್ದಾಗ ಶಾಗ್ಯದ ಮುದುಕರೊಬ್ಬರು ಬಂದರು.

"ನಮ್ಮಕ್ಕ ತೀರ್ಕಂಡ್ಲು ಸಾ. ತವ್ರು ಸೀರೆ ತಕಂಡೋಗ್ಬೇಕು. ಯಾವ್ದಾದ್ರೂ ಒಂದ್ ಕೊಡಿ."

ಸತ್ತ ಹೆಣ್ಣುಮಗಳಿಗೆ ತವರಿನವರು ಹೊದಿಸುವ ಕೊನೆಯ ಸೀರೆ ಅದು. ಗೋಡೆಗೊರಗಿ ಕೂತಿದ್ದವರು ಎದ್ದರು. ಒಂದಾದ ಮೇಲೊಂದು ಆರು ಸೀರೆ ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು, ತುದಿಯಿಂದ ತುದಿಗೆ ನೋಡಿದರು.

"ಸಾಕ್ ಬುಡಿ ಸಾ. ಅವ್ಳೇನ್ ನೋಡ್ತಾಳಾ?"

"ಅದ್ಕೇ ನಾವ್ ನೋಡ್ಬೇಕು."

ಆರನೆಯದನ್ನು ಕಟ್ಟಿಕೊಟ್ಟರು. ಮುದುಕರು ಹೋದ ಮೇಲೆ ಐದು ಸೀರೆ ಚಾಪೆಯ ತುಂಬ ಹರಡಿಕೊಂಡಿದ್ದವು. ಅಮ್ಮ ಧೈರ್ಯ ಮಾಡಿ ಕಪಾಟಿನತ್ತ ಕೈ ತೋರಿಸಿ, "ಅಂಗೇ ಆ ನೀಲೀದೂ ಒಂಚೂರು ಬಿಚ್ಚಿ" ಎಂದಳು.

ಅವರು ತಲೆ ಎತ್ತಲಿಲ್ಲ. "ಬಿಚ್ಚುದ್ರೆ ಮಡ್ಸೋರ್ ಯಾರವ್ವಾ?"

ಅಮ್ಮ ಚಪ್ಪಲಿ ಬಿಟ್ಟು ಚಾಪೆ ಹತ್ತಿ, ಅವರು ಮಡಿಸುತ್ತಿದ್ದ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡಳು.